ಆಪಲ್ ಸ್ವಂತ ಸರ್ಚ್ ಎಂಜಿನ್ ಕಟ್ಟಬೇಕೇ? ಬೇಡ

ಪ್ರಶ್ನೆ: ಸರ್, ಆಪಲ್ ಬಳಿ ಅಷ್ಟೊಂದು ದುಡ್ಡಿದೆ, ಎಂಜಿನಿಯರುಗಳಿದ್ದಾರೆ. ಐಫೋನಿನಿಂದ ಗೂಗಲ್ ತೆಗೆದುಹಾಕಿ ತನ್ನದೇ ಸರ್ಚ್ ಎಂಜಿನ್ ಕೊಡಬಾರದೇಕೆ? ಒಂದೆರಡು ವರ್ಷದ ಕೆಲಸ ಅಷ್ಟೇ ಅಲ್ಲವೇ? – ಹುಬ್ಬಳ್ಳಿಯ ಓದುಗರು

ಉತ್ತರ: ಅಲ್ಲ. ಈ ಪ್ರಶ್ನೆ ತಿಂಗಳು ತಿಂಗಳೂ ಬರುತ್ತಿದೆ, ಅದರ ಜೊತೆಗೆ ಈ 'ಒಂದೆರಡು ವರ್ಷ' ಎಂಬ ತಪ್ಪು ಕಲ್ಪನೆಯೂ ಬರುತ್ತಿದೆ. ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

ವೆಬ್ ಪುಟಗಳನ್ನು ಹೆಕ್ಕಿ ತರುವುದು ಆಪಲ್‌ಗೆ ಹೊಸದಲ್ಲ. ಆಪಲ್‌ಬಾಟ್ ಎಂಬ ಅದರ ಕ್ರಾಲರ್ (ವೆಬ್ ಸುತ್ತಿ ಪುಟಗಳನ್ನು ಹೆಕ್ಕುವ ತಂತ್ರಾಂಶ) ಇದೆಯೆಂದು ಕಂಪನಿ 2015ರಲ್ಲೇ ಒಪ್ಪಿಕೊಂಡಿದೆ. ಮಾತಿಗೆ ಉತ್ತರಿಸುವ ಸಿರಿ, ಫೋನಿನೊಳಗಿನ ಹುಡುಕು ಸೌಲಭ್ಯ ಸ್ಪಾಟ್‌ಲೈಟ್‌ಗಳಿಗೆ ಅದು ಬಳಕೆಯಾಗುತ್ತಿದೆ. ಗೂಗಲ್‌ನಲ್ಲಿ ಸರ್ಚ್ ಮುಖ್ಯಸ್ಥರಾಗಿದ್ದ ಜಾನ್ ಜಿಯಾನಾಂಡ್ರಿಯಾ ಅವರನ್ನೂ 2018ರಲ್ಲಿ ಸೇರಿಸಿಕೊಂಡಿತು. ಹಾಗಿದ್ದೂ ಕಟ್ಟಲಿಲ್ಲ.

ತೊಡಕಿರುವುದು ಬೇರೆ ಕಡೆ. ಜನ ಏನು ಹುಡುಕಿದರು, ಯಾವ ಕೊಂಡಿ ಒತ್ತಿದರು, ಯಾವ ಪುಟ ನೋಡಿ ಬೇಡವೆಂದು ಹಿಂದಕ್ಕೆ ಬಂದರು – ಈ ದಾಖಲೆಯೇ ಸರ್ಚ್‌ನ ಜೀವಾಳ. ಕ್ರಿಕೆಟ್ ಸ್ಕೋರ್ ಕೇಳಿದರೆ ಯಾವ ಎಂಜಿನ್ನೂ ಉತ್ತರ ಕೊಟ್ಟೀತು. ತೀರ್ಥಹಳ್ಳಿಯ ಕೃಷಿಕರೊಬ್ಬರು ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಮಳೆಗಾಲದಲ್ಲಿ ಏನು ಸಿಂಪಡಿಸಬೇಕೆಂದು ಕನ್ನಡದಲ್ಲಿ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೆರಡು ಕಾಗುಣಿತ ತಪ್ಪು ಮಾಡಿ ಕೇಳಲಿ. ಆಗ ಎಂಜಿನ್ನಿನ ಬಂಡವಾಳ ಬಯಲಾಗುತ್ತದೆ. ಇಂಥ ಪ್ರಶ್ನೆ ಕೇಳಿದವರು ಈ ಮೊದಲು ಎಷ್ಟು ಮಂದಿ ಬಂದುಹೋಗಿದ್ದಾರೋ ಅಷ್ಟರ ಮಟ್ಟಿಗೆ ಸರಿಯಾದ ಪುಟ ಮೇಲೆ ಬರುತ್ತದೆ. ಅಮೆರಿಕದ ಗೂಗಲ್ ಏಕಸ್ವಾಮ್ಯ ಪ್ರಕರಣದಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಇದರ ಲೆಕ್ಕವೇ ಇದೆ: ಗೂಗಲ್‌ಗೆ 13 ತಿಂಗಳಲ್ಲಿ ಸಿಗುವ ಬಳಕೆದಾರರ ದತ್ತಾಂಶ ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ಗೆ ಸಿಗಲು 17 ವರ್ಷಕ್ಕೂ ಹೆಚ್ಚು ಬೇಕು. ಬಿಂಗ್ ಶುರುವಾದದ್ದು 2009ರಲ್ಲಿ. ಮೈಕ್ರೋಸಾಫ್ಟ್‌ಗೆ ದುಡ್ಡಿನ ಬರವಿತ್ತೇ, ವಿಂಡೋಸ್ ಕೈಯಲ್ಲಿರಲಿಲ್ಲವೇ?

'2012ರಲ್ಲಿ ಆಪಲ್ ಮ್ಯಾಪ್ಸ್ ಕೂಡ ಕೆಟ್ಟದಾಗಿತ್ತು, ಆಮೇಲೆ ಸುಧಾರಿಸಲಿಲ್ಲವೇ' ಎಂದು ನೀವು ಬರೆಯುತ್ತೀರಿ, ಗೊತ್ತು. ರಸ್ತೆಯನ್ನು ಕಾರು ಓಡಿಸಿ ಅಳೆಯಬಹುದು. ಜನ ನಿಮ್ಮಲ್ಲಿಗೆ ಬಂದು ಕೇಳದೇ ಇದ್ದ ಪ್ರಶ್ನೆಯನ್ನು ಅಳೆಯುವುದು ಹೇಗೆ?

ಇನ್ನು ದುಡ್ಡು. ಐಫೋನಿನ ಬ್ರೌಸರ್ ಸಫಾರಿಯಲ್ಲಿ ಗೂಗಲ್ ಡೀಫಾಲ್ಟ್ (ಮೊದಲೇ ಆರಿಸಿಟ್ಟ ಸರ್ಚ್) ಆಗಿರಲು 2022ರಲ್ಲಿ ಆಪಲ್‌ಗೆ ಸಂದದ್ದು 2,000 ಕೋಟಿ ಡಾಲರ್. ಸ್ವಂತ ಎಂಜಿನ್ ಹಾಕಿದ ದಿನ ಅದು ನಿಲ್ಲುತ್ತದೆ. ಆಪಲ್ ಇಂಥದ್ದೊಂದನ್ನು ನಡೆಸಬೇಕಾದರೆ ವರ್ಷಕ್ಕೆ ಸುಮಾರು 600 ಕೋಟಿ ಡಾಲರ್ ಹೆಚ್ಚುವರಿ ಖರ್ಚು ಬಿದ್ದೀತೆಂದು ಆಪಲ್ಲೇ 2018ರಲ್ಲಿ ಅಂದಾಜು ಮಾಡಿತ್ತು. ಇದನ್ನೆಲ್ಲ ತುಂಬಿಕೊಳ್ಳಲು ಇರುವ ದಾರಿ ಒಂದೇ, ಜಾಹೀರಾತು. ಆಪಲ್‌ನ ಹಿರಿಯ ಅಧಿಕಾರಿ ಎಡ್ಡಿ ಕ್ಯೂ ಕೂಡ 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆಯಲ್ಲಿ, ಸರ್ಚ್ ನಡೆಸಬೇಕಾದರೆ ಗುರಿಯಿಟ್ಟು ಜಾಹೀರಾತು ಮಾರುವ ವ್ಯವಸ್ಥೆ ಕಟ್ಟಬೇಕಾಗುತ್ತದೆ, ಅದು ತಮ್ಮ ಮೂಲ ವ್ಯವಹಾರವಲ್ಲ ಎಂದಿದ್ದಾರೆ.

ನನ್ನ ವಿರೋಧವೂ ಇಲ್ಲೇ. ಫೋನ್ ಮಾರಿ ಲಾಭ ಮಾಡುವ ಕಂಪನಿಗೆ ನಿಮ್ಮ ಮಧ್ಯರಾತ್ರಿಯ ಹುಡುಕಾಟದಿಂದ ಆಗಬೇಕಾದ್ದು ಕಡಿಮೆ. ಸರ್ಚ್‌ಗೆ ಇಳಿದರೆ ಅದೇ ಅದರ ಕಚ್ಚಾ ಮಾಲು. ನಿಮ್ಮ ಫೋಟೊ, ಹೃದಯಬಡಿತ, ಬ್ಯಾಂಕ್ ಆ್ಯಪ್ ಎಲ್ಲ ಇರುವ ಸಾಧನವನ್ನು ಮಾಡುವವರ ಕೈಗೇ ನಿಮ್ಮ ಪ್ರಶ್ನೆಗಳ ಪಟ್ಟಿಯೂ ಹೋಗುವುದು ನನಗೆ ಸುತರಾಂ ಇಷ್ಟವಿಲ್ಲ. ಹಾಗಂತ ಈಗಿನ ವ್ಯವಸ್ಥೆ ಚೆನ್ನಾಗಿದೆ ಎನ್ನುತ್ತಿಲ್ಲ. ಖಾಸಗಿತನದ ಮಾತಾಡುತ್ತಲೇ ಗೂಗಲ್‌ನಿಂದ ಅಷ್ಟು ಹಣ ಪಡೆಯುವುದು ತಪ್ಪು. ಹೊಸ ಫೋನ್ ಆನ್ ಮಾಡಿದಾಗಲೇ 'ಯಾವ ಸರ್ಚ್ ಬೇಕು' ಎಂದು ಕೇಳಲಿ. ನೀವು ಒತ್ತಾಯಿಸಬೇಕಾದ್ದು ಅದನ್ನು.

ಪ್ರಶ್ನೆ: ಚೀನಾದ ಫೋನ್ ಕಂಪನಿ ಹುವಾವೇ ಪೆಟಲ್ ಸರ್ಚ್ ಎಂಬ ತನ್ನದೇ ಎಂಜಿನ್ ಮಾಡಲಿಲ್ಲವೇ?

ಉತ್ತರ: 2019ರ ಅಮೆರಿಕದ ನಿರ್ಬಂಧದಿಂದ ಹೊಸ ಫೋನುಗಳಿಗೆ ಗೂಗಲ್ ಸೇವೆ ತಪ್ಪಿಹೋಗಿ, ಬೇರೆ ಗತಿಯಿಲ್ಲದೆ ಮಾಡಿತು.

ಪ್ರಶ್ನೆ: ಚಾಟ್‌ಬಾಟ್‌ಗಳು ಬಂದ ಮೇಲೆ ಸರ್ಚ್ ಎಂಜಿನ್ ಯಾಕೆ ಬೇಕು?

ಉತ್ತರ: ಇವತ್ತಿನ ಸುದ್ದಿ ಹೇಳಬೇಕಾದರೆ ಚಾಟ್‌ಬಾಟ್ ಕೂಡ ಹಿಂದಿನಿಂದ ಸರ್ಚ್ ಮಾಡಿಯೇ ಹೇಳುತ್ತದೆ.

ಪ್ರಶ್ನೆ: ಪ್ರೈವೇಟ್ ಮೋಡ್‌ನಲ್ಲಿ ಹುಡುಕಿದರೆ ಗೂಗಲ್‌ಗೆ ಗೊತ್ತಾಗುವುದಿಲ್ಲವಲ್ಲ?

ಉತ್ತರ: ಗೊತ್ತಾಗುತ್ತದೆ. ನಿಮ್ಮ ಮನೆಯವರಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಪ್ರಶ್ನೆ: 'ಆಪಲ್ ಸರ್ಚ್ ಬರುತ್ತಿದೆ, ಈಗಲೇ ಷೇರು ಕೊಳ್ಳಿ' ಎಂದು ಯೂಟ್ಯೂಬ್‌ನಲ್ಲಿ ಹೇಳುತ್ತಿದ್ದಾರೆ.

ಉತ್ತರ: ಈ ವದಂತಿ ವರ್ಷಗಳಿಂದ ಓಡಾಡುತ್ತಿದೆ. ಆ ಚಾನೆಲ್ ನೋಡುವುದು ಬಿಡಿ.

ಪ್ರಶ್ನೆ: ನಮ್ಮ ಅಂಗಡಿಯ ಹೆಸರು ಗೂಗಲ್‌ನಲ್ಲಿ ಮೊದಲು ಬರುವ ಹಾಗೆ ಮಾಡುತ್ತೇವೆ, ಗ್ಯಾರಂಟಿ ಎಂದು 30,000 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದಿಟ್ಟಿದೆ. ಕೊಡುತ್ತೇನೆ ಎನ್ನುವವರು ಶುದ್ಧ ಮೋಸಗಾರರು. ವೆಬ್‌ಸೈಟಿನ ಪಾಸ್‌ವರ್ಡ್ ಆಗಲೇ ಅವರ ಕೈಗೆ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ.