ತೂಕ ಇಳಿಸುವ ಆಪರೇಷನ್‌ಗೆ ವಿಮೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಎತ್ತರ 160 ಸೆಂ.ಮೀ., ತೂಕ 92 ಕೆ.ಜಿ. ಬಿಪಿ, ಮಂಡಿನೋವು, ಪಿಸಿಓಡಿ ಇವೆ. ಸ್ಲೀವ್ ಸರ್ಜರಿ (ಜಠರ ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್) ಮಾಡಿಸಿಕೊಳ್ಳಿ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಪಾಲಿಸಿಗೆ 5 ವರ್ಷ ತುಂಬಿದೆ, ಒಂದು ಕಂತೂ ತಪ್ಪಿಲ್ಲ. ಆದರೂ ಕ್ಯಾಶ್‌ಲೆಸ್ ಆಗಲ್ಲ ಎಂದುಬಿಟ್ಟರು. ಇದು ಸರಿಯೇ?

ಉತ್ತರ: ಸರ್ಜನ್‌ರ ಲೆಕ್ಕ ಬೇರೆ, ಪಾಲಿಸಿಯ ಲೆಕ್ಕ ಬೇರೆ. ನೀವು ಸಿಕ್ಕಿಕೊಂಡಿರುವುದು ಇವೆರಡರ ನಡುವೆ.

ಮೊದಲು ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ನೋಡೋಣ. 1.6ನ್ನು 1.6ರಿಂದ ಗುಣಿಸಿದರೆ 2.56. 92ನ್ನು ಅದರಿಂದ ಭಾಗಿಸಿದರೆ 35.9. ಇನ್ನು ಪಾಲಿಸಿ ಪುಸ್ತಕದ ‘ಎಕ್ಸ್‌ಕ್ಲೂಷನ್’ (ವಿಮೆಯಿಂದ ಹೊರಗಿಟ್ಟವುಗಳ) ಪಟ್ಟಿಯಲ್ಲಿ ಕೋಡ್ 06 ಹುಡುಕಿ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಕಂಪನಿಗಳಿಗೆ ಒಂದೇ ಮಾತುಗಳಲ್ಲಿ ಬರೆದುಕೊಟ್ಟ ಷರತ್ತು ಅದು. ಬೊಜ್ಜಿನ ಆಪರೇಷನ್‌ಗೆ ಹಣ ಸಿಗಬೇಕಾದರೆ ವಯಸ್ಸು 18 ತುಂಬಿರಬೇಕು, ಡಾಕ್ಟರ ಸಲಹೆ ಇರಬೇಕು, ಮಾಡುವ ವಿಧಾನ ಒಪ್ಪಿತ ವೈದ್ಯಕೀಯ ಕ್ರಮದ್ದಾಗಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು. 35ರಿಂದ 40ರೊಳಗಿದ್ದರೆ ಆಪರೇಷನ್ ಅಲ್ಲದ ದಾರಿಗಳು ಫಲಿಸಿರಬಾರದು, ಜೊತೆಗೆ ನಾಲ್ಕು ಕಾಯಿಲೆಗಳಲ್ಲಿ ಒಂದಾದರೂ ಇರಬೇಕು: ಬೊಜ್ಜಿನಿಂದ ಬಂದ ಹೃದಯಸ್ನಾಯುವಿನ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ), ಹತೋಟಿಗೆ ಬಾರದ ಟೈಪ್ 2 ಮಧುಮೇಹ. ಬಿಪಿ, ಮಂಡಿನೋವು, ಪಿಸಿಓಡಿ ಮೂರೂ ಈ ಪಟ್ಟಿಯಲ್ಲಿಲ್ಲ. ನಿಮ್ಮ ಅರ್ಜಿ ಬಿದ್ದುಹೋದದ್ದು ಅಲ್ಲಿ.

ಹಾಗಾದರೆ ಡಾಕ್ಟರು ಹೇಳಿದ್ದು ತಪ್ಪೇ? ಖಂಡಿತ ಅಲ್ಲ. 40 ಮತ್ತು 35 ಎಂಬ ಗೆರೆ 1991ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಎಳೆದದ್ದು. 2022ರಲ್ಲಿ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘಗಳು ಅದನ್ನು ಬದಲಿಸಿ, ಬೇರೆ ಕಾಯಿಲೆ ಇರಲಿ ಬಿಡಲಿ 35 ಸಾಕು, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು ಎಂದವು. ನಮ್ಮವರಿಗೆ ಕಡಿಮೆ ತೂಕದಲ್ಲೇ ಶುಗರ್, ಹೃದ್ರೋಗ ಅಂಟುವುದರಿಂದ ಈ ಮಾತಿಗೆ ಅರ್ಥವಿದೆ. ಪಾಲಿಸಿಯ ಷರತ್ತು ಮಾತ್ರ ಹಳೆಯ ಗೆರೆಯಲ್ಲೇ ನಿಂತಿದೆ.

5 ವರ್ಷ ತುಂಬಿದ್ದು ಇಲ್ಲಿ ನೆರವಿಗೆ ಬರುವುದಿಲ್ಲ. 60 ತಿಂಗಳಾದ ಮೇಲೆ ‘ನೀವು ಮಾಹಿತಿ ಮುಚ್ಚಿಟ್ಟಿರಿ’ ಎಂದು, ವಂಚನೆ ಸಾಬೀತಾಗದ ಹೊರತು, ಕಂಪನಿ ತಕರಾರು ತೆಗೆಯುವಂತಿಲ್ಲ, ಅಷ್ಟೇ. ಪಾಲಿಸಿಯಲ್ಲೇ ಹೊರಗಿಟ್ಟದ್ದು ಆಮೇಲೂ ಹೊರಗೇ.

ಒಂದು ಬಾಗಿಲು ತೆರೆದಿದೆ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಸ್ಲೀಪ್ ಸ್ಟಡಿ ಮಾಡಿಸಿ. ಗಂಟೆಗೆ 30 ಅಥವಾ ಹೆಚ್ಚು ಸಲ ಉಸಿರು ಕಟ್ಟುವುದೋ ಕುಗ್ಗುವುದೋ ಆದರೆ ಅದು ತೀವ್ರ ಆಪ್ನಿಯಾ. ಈ ಬಗೆಯ ತೂಕದವರಲ್ಲಿ ಅದು ಪತ್ತೆಯಾಗದೆ ಉಳಿಯುವುದು ಸಾಮಾನ್ಯ. ಇಲ್ಲದ ಕಾಯಿಲೆ ಬರೆಸಿಕೊಳ್ಳಿ ಎನ್ನುತ್ತಿಲ್ಲ. ಇದ್ದದ್ದು ಕಾಗದದ ಮೇಲೆ ಬರಲಿ. ಡಾಕ್ಟರ ಪತ್ರದಲ್ಲಿ ಎತ್ತರ, ತೂಕ, ಬಿಎಂಐ, ದಿನಾಂಕ, ಪಥ್ಯ-ವ್ಯಾಯಾಮ-ಔಷಧಿ ಎಷ್ಟು ತಿಂಗಳು ನಡೆಯಿತು, ಏನಾಯಿತು ಎಂಬುದೆಲ್ಲ ಇರಬೇಕು. ‘ಬೊಜ್ಜು ಹೆಚ್ಚಿದೆ, ಆಪರೇಷನ್ ಬೇಕು’ ಎಂಬ ಎರಡು ಸಾಲಿನ ಚೀಟಿ ನಿಲ್ಲುವುದಿಲ್ಲ. ಆಪರೇಷನ್‌ಗೆ ಮುಂಚೆ ಯಕೃತ್ತು ಕುಗ್ಗಲೆಂದು ಸುಮಾರು 2 ವಾರ ಕೊಡುವ ಪಥ್ಯದಲ್ಲೇ ಕೆಲವು ಕೆ.ಜಿ. ಇಳಿಯುತ್ತದೆ. 35.9 ಎಂದರೆ ಅಂಚಿನ ಲೆಕ್ಕ, ಹಾಗಾಗಿ ಪಥ್ಯಕ್ಕೆ ಮೊದಲಿನ ತೂಕವನ್ನು ಕಡ್ಡಾಯವಾಗಿ ದಾಖಲಿಸಿಕೊಳ್ಳಿ.

ಪ್ರಶ್ನೆ: 3 ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿದ್ದೇನೆ. ಹೊಸ ಪಾಲಿಸಿಯ ಫಾರ್ಮಿನಲ್ಲಿ ಅದನ್ನು ಬರೆಯಬೇಡಿ, ತೂಕವನ್ನೂ 10 ಕೆ.ಜಿ. ಕಡಿಮೆ ಹಾಕಿ ಎನ್ನುತ್ತಾರೆ ಏಜೆಂಟರು.

ಉತ್ತರ: ಅವರ ಮಾತು ಕೇಳಬೇಡಿ. ಆಸ್ಪತ್ರೆಗೆ ಸೇರಿದ ದಿನ ಡ್ಯೂಟಿ ಡಾಕ್ಟರು ‘ಶುಗರ್ ಎಷ್ಟು ವರ್ಷದಿಂದ?’ ಎಂದು ಕೇಳಿ ಕೇಸ್ ಶೀಟಿನಲ್ಲೇ ಬರೆಯುತ್ತಾರೆ. ಕಂಪನಿ ಮೊದಲು ತರಿಸಿಕೊಳ್ಳುವುದೂ ಅದೇ ಹಾಳೆಯನ್ನು. ಆಗ ಕ್ಲೇಮು ಹೋಗುತ್ತದೆ, ಪಾಲಿಸಿಯೂ ರದ್ದಾಗಬಹುದು. ಬಿಎಂಐ 35ರಿಂದ 40ರೊಳಗಿದ್ದರೆ ಇನ್ನೊಂದು ವಿಪರ್ಯಾಸವಿದೆ: ನಿಮಗೆ ಆಪರೇಷನ್‌ನ ಹಣ ಕೊಡಿಸಬಲ್ಲ ಕಾರಣವೇ ಹತೋಟಿಗೆ ಬಾರದ ಆ ಶುಗರ್. ಅದನ್ನೇ ಮುಚ್ಚಿಟ್ಟರೆ ಹೇಗೆ?

ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ ಕಾಯಿಲೆ ‘ಮೊದಲೇ ಇದ್ದದ್ದು’ ಎನಿಸುತ್ತದೆ. ಅದಕ್ಕೆ ಹಣ ಕೊಡದೆ ಕಾಯಿಸುವ ಅವಧಿ 2024ರ ನಿಯಮದಂತೆ 36 ತಿಂಗಳು ಮೀರುವಂತಿಲ್ಲ. ಮುಂಚೆ 48 ಇತ್ತು. ಬೊಜ್ಜಿನ ಆಪರೇಷನ್‌ಗೇ ಬೇರೆ ಕಾಯುವ ಅವಧಿ ಇದ್ದರೆ ಎರಡರಲ್ಲಿ ಉದ್ದನೆಯದು ಲೆಕ್ಕ. ನಡುವೆ ವಿಮಾ ಮೊತ್ತ ಏರಿಸಿದರೆ ಏರಿದ ಭಾಗಕ್ಕೆ ಕಾಯುವುದು ಹೊಸದಾಗಿ ಶುರು. ಕಂತು ತುಸು ಹೆಚ್ಚಾದರೂ ನಿಜ ಬರೆಯಿರಿ, ತುಂಬಿದ ಫಾರ್ಮಿನ ಪ್ರತಿ ಇಟ್ಟುಕೊಳ್ಳಿ. ಏಜೆಂಟರು ತಪ್ಪು ತುಂಬಿದ್ದರೆ ತಕ್ಷಣ ಬರಹದಲ್ಲಿ ತಿದ್ದಿಸಿ. ಪಾಲಿಸಿಯೇ ಬೇಡವೆನಿಸಿದರೆ ಕೈಗೆ ಬಂದ 30 ದಿನದೊಳಗೆ ಹಿಂದಿರುಗಿಸಬಹುದು.

ಪ್ರಶ್ನೆ: ಕಂಪನಿಯ ಗ್ರೂಪ್ ಪಾಲಿಸಿಯಲ್ಲಿದ್ದೇನೆ. ಕೆಲಸ ಬಿಡುವ ಯೋಚನೆ ಇದೆ.

ಉತ್ತರ: ಆಪರೇಷನ್ ನಿಶ್ಚಯವಾಗಿದ್ದರೆ ಮುಗಿಸಿಕೊಂಡು ಬಿಡಿ. ಗ್ರೂಪ್ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯಿಸದಿರುವುದೇ ಹೆಚ್ಚು. ಆದರೆ ಬೊಜ್ಜಿನ ಷರತ್ತು ಉಂಟೋ ಇಲ್ಲವೋ ಎಚ್‌ಆರ್‌ನಿಂದ ಪೂರ್ತಿ ಪಾಲಿಸಿ ಪ್ರತಿ ತರಿಸಿಕೊಂಡೇ ತಿಳಿಯಬೇಕು. ಬಿಡಲೇಬೇಕಾದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಮೊದಲೇ ಅರ್ಜಿ ಕೊಡಿ. ಒಮ್ಮೆ ಕೊಂಡಿ ಕಡಿದರೆ ಕಾದ ವರ್ಷಗಳು ಹೋದಂತೆ.

ಪ್ರಶ್ನೆ: ಬಿಎಂಐ 42 ಇದ್ದರೂ ‘ಸೌಂದರ್ಯ ಚಿಕಿತ್ಸೆ’ ಎಂದು ಕ್ಲೇಮು ತಿರಸ್ಕರಿಸಿದ್ದಾರೆ. ಮುಂದೇನು?

ಉತ್ತರ: ಯಾವ ಷರತ್ತಿನ ಮೇಲೆ ಎಂದು ಬರಹದಲ್ಲಿ ಕೇಳಿ. ಸೌಂದರ್ಯ ಚಿಕಿತ್ಸೆಯದು ಬೇರೆಯೇ ಕೋಡ್, 08, ಬೊಜ್ಜಿನದು 06. ಎರಡನ್ನೂ ಬೆರೆಸಿದ್ದಾರೆ ಎಂದು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ, ಅಂದರೆ ವಿಮಾ ಓಂಬುಡ್ಸ್‌ಮನ್‌ಗೆ ಹೋಗಿ. ಬೆಂಗಳೂರಿನಲ್ಲೂ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ತೀರ್ಮಾನಿಸುತ್ತಾರೆ. ತಿರಸ್ಕಾರದ ಪತ್ರ ಬಂದು ಒಂದು ವರ್ಷ ದಾಟಬಾರದು. ಆದರೆ ತೂಕ ಇಳಿದ ಮೇಲೆ ಜೋತುಬಿದ್ದ ಚರ್ಮ ತೆಗೆಸುವುದು ನಿಜಕ್ಕೂ 08ಕ್ಕೆ ಸೇರುವಂಥದ್ದು. ಅದಕ್ಕೆ ಜಗಳವಾಡಿ ಗೆಲ್ಲುವುದು ಕಷ್ಟ.