ಪ್ರತಿಕ್ರಿಯೆ: ಹಳೆಯ ಪೆಟ್ ಸ್ಕ್ಯಾನರಿನ ಹರಳುಗಳಲ್ಲಿ ಮ್ಯುಯಾನ್ ಪತ್ತೆ

ಕಳಚಿಟ್ಟ ಪೆಟ್ ಸ್ಕ್ಯಾನರಿನ (ದೇಹದೊಳಗಿಂದ ಹೊಮ್ಮುವ ಗಾಮಾ ಕಿರಣಗಳಿಂದ ಚಿತ್ರ ರಚಿಸುವ ಆಸ್ಪತ್ರೆಯ ಯಂತ್ರ) ಬಿಜಿಒ ಹರಳುಗಳಿಂದ (ವಿಕಿರಣ ತಾಗಿದಾಗ ಮಿನುಗುವ ಬಿಸ್ಮತ್ ಜರ್ಮನೇಟ್ ಹರಳುಗಳು) ಮ್ಯುಯಾನುಗಳನ್ನು (ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿ ನೆಲಕ್ಕೆ ಬರುವ ಸೂಕ್ಷ್ಮ ಕಣಗಳು) ಪತ್ತೆಹಚ್ಚಬಹುದೇ, ಹಾಗಿದ್ದರೆ ಯಂತ್ರದ ಮೂಲ ಎಲೆಕ್ಟ್ರಾನಿಕ್ಸ್ ಅವನ್ನೇಕೆ ತೋರಿಸುತ್ತಿಲ್ಲ ಎಂದು ತಾವು ಕೇಳಿದ್ದೀರಿ. ಖಂಡಿತ ಪತ್ತೆಹಚ್ಚಬಹುದು. ಆ ವ್ಯವಸ್ಥೆಯನ್ನು 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನ ಗಾಮಾ ಕಿರಣಗಳಿಗೆಂದೇ ಹೊಂದಿಸಲಾಗಿರುತ್ತದೆ. ಮ್ಯುಯಾನಾದರೋ ಈ ಸಾಂದ್ರ ಹರಳಿನಲ್ಲಿ ಹಾಯುವಾಗ ಪ್ರತಿ ಸೆಂಟಿಮೀಟರಿಗೆ ಸುಮಾರು 9 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಅದರ ಸಂಕೇತವು ಯಂತ್ರ ಒಪ್ಪುವ ಗರಿಷ್ಠ ಮಿತಿಯನ್ನು ಮೀರಿ ತಿರಸ್ಕೃತವಾಗುತ್ತದೆ. ಆದ್ದರಿಂದ ಫೋಟೋಮಲ್ಟಿಪ್ಲೈಯರಿನ (ಹರಳಿನ ಮಿನುಗನ್ನು ವಿದ್ಯುತ್ ಸಂಕೇತವಾಗಿಸಿ ವರ್ಧಿಸುವ ನಳಿಕೆ) ವೋಲ್ಟೇಜನ್ನು ತಗ್ಗಿಸಿ, ಕೆಳಮಿತಿಯನ್ನು 3 ಮೆಗಾ ಎಲೆಕ್ಟ್ರಾನ್ ವೋಲ್ಟಿಗಿಂತ ಮೇಲಿಡಿ. ಪರಿಸರದ ಸಹಜ ಗಾಮಾ ಕಿರಣಗಳ ಶಕ್ತಿ ಬಹುಮಟ್ಟಿಗೆ ಆ ಮಿತಿಯೊಳಗೇ ಇರುವುದರಿಂದ ಅವು ಎಣಿಕೆಗೆ ಬರುವುದಿಲ್ಲ. ಹೊಸ ಸ್ಕ್ಯಾನರುಗಳಲ್ಲಿ ಬಳಸುವ ಲುಟೇಷಿಯಂ ಹರಳುಗಳಿಗಿರುವ ಸ್ವಂತ ವಿಕಿರಣಶೀಲತೆಯ ತೊಡಕು ಬಿಜಿಒಗೆ ಇಲ್ಲದಿರುವುದು ತಮ್ಮ ಪಾಲಿಗೆ ನಿಜವಾದ ಅನುಕೂಲ. ಎರಡು ಹರಳುಗಳನ್ನು ಒಂದರ ಮೇಲೊಂದಿಟ್ಟು, ಎರಡರಲ್ಲೂ ಏಕಕಾಲಕ್ಕೆ ಬಂದ ಸಂಕೇತಗಳನ್ನಷ್ಟೇ ಎಣಿಸಿ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯುಯಾನ್ ಬೀಳುತ್ತದೆ. ಹರಳುಗಳ ಅಂತರ ಹೆಚ್ಚಿದಷ್ಟೂ ಎಣಿಕೆ ಇಳಿಯುತ್ತದೆ.