ಡಿಮ್ ಸಮ್ ಎಂಬ ಹೆಸರು ಬಂದ ಬಗೆ

'ಚಹಾ ಜೊತೆ ಬಡಿಸುವ ಚೀನೀ ತಿಂಡಿ ಡಿಮ್ ಸಮ್ ಇದೆಯಲ್ಲ, ಆ ಹೆಸರಿನ ಅರ್ಥ ಹೃದಯ ಮುಟ್ಟುವುದು ಅಂತ ಹೋಟೆಲ್ ಮೆನುವಿನಲ್ಲಿ ಓದಿದೆ. ಚೀನಾದ ಸೇನಾನಾಯಕಿ ಲಿಯಾಂಗ್ ಹೊಂಗ್‌ಯು ತನ್ನ ಸೈನಿಕರಿಗೆ ಪ್ರೀತಿಯಿಂದ ತಿಂಡಿ ಹಂಚಿದ್ದಕ್ಕೆ ಈ ಹೆಸರು ಬಂತಂತೆ. ನಿಜವೇ?' ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ: ಕಥೆ ಚೆನ್ನಾಗಿದೆ, ಆದರೆ ಕಾಲ ಕೂಡಿಬರುವುದಿಲ್ಲ. ಲಿಯಾಂಗ್ 12ನೇ ಶತಮಾನದವಳು. ಈ ಮಾತು ಅದಕ್ಕೂ ಮುಂಚೆ, ಟಾಂಗ್ ಅರಸರ ಕಾಲದಲ್ಲೇ (618–907) ಜನರ ಬಾಯಲ್ಲಿತ್ತು. ದಕ್ಷಿಣ ಚೀನಾದ ಕ್ಯಾಂಟನೀಸ್ ಆಡುವವರಿಗೆ ಅದು ಡಿಮ್ ಸಮ್, ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನಲ್ಲಿ ಡಿಯೆನ್‌ಶಿನ್. ಬರೆಯುವ ಅಕ್ಷರಗಳು ಒಂದೇ.

ಟಾಂಗ್ ಬಳಿಕದ ಸಾಂಗ್ ಅರಸರ ಕಾಲದ ವು ಝೆಂಗ್ ಎಂಬಾತ ಟಾಂಗ್ ಅಧಿಕಾರಿಯೊಬ್ಬನ ಮನೆಯ ಪ್ರಸಂಗ ಬರೆದಿಟ್ಟಿದ್ದಾನೆ. ಬೆಳಗಿನ ಊಟ ಸಿದ್ಧವಾಗಿದೆ, ಯಜಮಾನಿಯ ಅಲಂಕಾರ ಮುಗಿದಿಲ್ಲ. ಆಕೆ ತಮ್ಮನಿಗೆ 'ನಾನು ಊಟಕ್ಕೆ ಕೂರೋದು ತಡ, ಅಷ್ಟರಲ್ಲಿ ನೀನು ಡಿಯೆನ್‌ಶಿನ್ ಮಾಡು' ಎನ್ನುತ್ತಾಳೆ. ನೋಡಿ, ಇಲ್ಲಿ ಅದು ತಿಂಡಿಯ ಹೆಸರೇ ಅಲ್ಲ, ಮಾಡುವ ಕೆಲಸ. ನಾವು 'ಒಂಚೂರು ಬಾಯಾಡಿಸು' ಅಂತೀವಲ್ಲ, ಅದೇ. 'ಡಿಯೆನ್' ಎಂದರೆ ಚುಕ್ಕಿ ಇಡು, ಸೋಕಿಸು. 'ಶಿನ್' ಎಂದರೆ ಹೃದಯ, ಮನಸ್ಸು ಎರಡೂ. ಹಾಗಾಗಿ ಮೆನುವಿನ ಅರ್ಥ ಪೂರ್ತಿ ಸುಳ್ಳಲ್ಲ. ಆದರೆ ಮೂಲದಲ್ಲಿದ್ದದ್ದು ಭಾವುಕತೆಯಲ್ಲ, ಹಸಿವು.

ನನಗೆ ಬಹಳ ಇಷ್ಟವಾದದ್ದು ದೆಶಾನ್ ಎಂಬ 9ನೇ ಶತಮಾನದ ಬೌದ್ಧ ಭಿಕ್ಷುವಿನ ಕಥೆ. ನಮ್ಮ ದೇಶದಿಂದಲೇ ಹೋದ 'ವಜ್ರಚ್ಛೇದಿಕಾ' ಸೂತ್ರದಲ್ಲಿ ಆತ ಪಂಡಿತ. ವ್ಯಾಖ್ಯಾನಗಳ ಹೊರೆ ಹೊತ್ತು ಹೋಗುವಾಗ ದಾರಿಬದಿಯ ಅಜ್ಜಿಯ ಹತ್ತಿರ ಡಿಯೆನ್‌ಶಿನ್‌ಗೆ ತಿಂಡಿ ಕೇಳಿದ. ಅಜ್ಜಿ ಅಂದಳಂತೆ: 'ಕಳೆದ ಮನಸ್ಸು ಸಿಗದು, ಈಗಿನದು ಸಿಗದು, ಬರಲಿರುವುದೂ ಸಿಗದು ಅಂತ ನಿಮ್ಮ ಸೂತ್ರವೇ ಹೇಳುತ್ತೆ. ನೀವು ಯಾವ ಮನಸ್ಸಿಗೆ ಚುಕ್ಕಿ ಇಡ್ತೀರಿ?' ಪಂಡಿತನಿಗೆ ಉತ್ತರ ಹೊಳೆಯಲಿಲ್ಲ. ಬೀದಿಬದಿಯ ಅಜ್ಜಿ ಹೀಗೆ ಶ್ಲೇಷೆ ಮಾಡುವ ಕಥೆ ಹುಟ್ಟಬೇಕಾದರೆ ಆ ಮಾತು ಎಷ್ಟು ಬಳಕೆಯಲ್ಲಿರಬೇಕು, ಅಲ್ವಾ?

ಉತ್ತರ ಚೀನಾದಲ್ಲಿ ಇವತ್ತಿಗೂ ಡಿಯೆನ್‌ಶಿನ್ ಎಂದರೆ ಯಾವುದೇ ಸಣ್ಣ ತಿಂಡಿ. ಬಿದಿರು ಬುಟ್ಟಿಗಳಲ್ಲಿ ಬೇಯಿಸಿ, ಚಹಾ ಜೊತೆ ಬಡಿಸುವ ಪದ್ಧತಿ ದಕ್ಷಿಣದ ಗ್ವಾಂಗ್‌ಝೌ, ಹಾಂಗ್‌ಕಾಂಗ್ ಕಡೆಯದು. ಅಲ್ಲಿ ಅದನ್ನು 'ಯಮ್ ಚಾ' ಎನ್ನುತ್ತಾರೆ, ಅಂದರೆ ಚಹಾ ಕುಡಿಯುವುದು. ಲೋಟಕ್ಕೆ ಯಾರಾದರೂ ಚಹಾ ಸುರಿದರೆ ಬೆರಳಿನಿಂದ ಮೇಜು ತಟ್ಟಿದರೆ ಸಾಕು, ಥ್ಯಾಂಕ್ಸ್ ಹೇಳಿದ ಹಾಗೆ.

ನೋಡಲು ಹೀಗೇ ಇರುವ ಮೋಮೋ ಬೇರೆ, ಅದು ಟಿಬೆಟ್–ನೇಪಾಳದ್ದು. ಡಿಮ್ ಸಮ್ ತಿನ್ನಲು ಹೋದರೆ ಮೊದಲು ಹಾರ್ ಗಾವ್ (ಸಿಗಡಿ ತುಂಬಿದ ಸಣ್ಣ ಕಡುಬು) ಕೇಳಿ. ಅದರ ಹಿಟ್ಟು ಗೋಧಿಯಿಂದ ಅಂಟು ತೊಳೆದು ತೆಗೆದ ಪಿಷ್ಟ. ಕುದಿಯುವ ನೀರು ಹಾಕಿ ಕಲಸುತ್ತಾರೆ. ಬೆಂದ ಮೇಲೆ ಒಳಗಿನ ಸಿಗಡಿ ನಸುಗೆಂಪಾಗಿ ಕಾಣಬೇಕು, ಕಡ್ಡಿಯಲ್ಲಿ ಎತ್ತಿದರೆ ಹಿಟ್ಟಿನ ಹೊರಪದರ ಹರಿಯಬಾರದು.